ಕವರ್ ನಂಬಬೇಡಿ, ಪ್ಲೇಟು ಓದಿ: ಡಬ್ ರೆಗೇ ಸಂಗ್ರಹದ ಪ್ರಶ್ನೋತ್ತರ

ಜಮೈಕಾದ ಡಬ್ ಸಂಗೀತದ ಹಳೆಯ ಎಲ್‌ಪಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೊಸಬರಿಗೆ ಎರಡು ಮಾತು. ಹಾಡಿ ಮುಗಿಸಿದ ರೆಗೇ ಹಾಡಿನ ಟೇಪನ್ನು ಮತ್ತೆ ಮಿಕ್ಸಿಂಗ್ ಮೇಜಿಗೆ ತಂದು, ಗಾಯನವನ್ನು ತೆಗೆದು ಅಥವಾ ಚೂರುಚೂರಾಗಿ ಉಳಿಸಿ, ಡ್ರಮ್ಮು ಮತ್ತು ಬಾಸನ್ನು ಮುಂದಕ್ಕೆ ತಂದು, ಉಳಿದ ವಾದ್ಯಗಳ ಮೇಲೆ ಪ್ರತಿಧ್ವನಿ ಹರಿಸಿದರೆ ಅದು ಡಬ್. ಇಲ್ಲಿ ಹಾಡಿದವರಿಗಿಂತ, ನುಡಿಸಿದವರಿಗಿಂತ, ಮಿಕ್ಸ್ ಮಾಡಿದ ಎಂಜಿನಿಯರ್ ದೊಡ್ಡವನು.

ಪ್ರಶ್ನೆ: ಮೊಬೈಲಿನಲ್ಲಿ ಕೇಳಿ ಕೇಳಿ ಡಬ್ ಹುಚ್ಚು ಹಿಡಿದಿದೆ. ಅಪರೂಪದ ಎಲ್‌ಪಿಗಳನ್ನೇ ಸಂಗ್ರಹಿಸಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ? (ಮೈಸೂರು)

ಅಪರೂಪದಿಂದ ಮಾತ್ರ ಶುರು ಮಾಡಬೇಡಿ. ಮೊದಲ ವರ್ಷ ಸುಲಭವಾಗಿ ಸಿಗುವುದನ್ನೇ ಕೊಳ್ಳಿ. ಗಾಯಕ ಬರ್ನಿಂಗ್ ಸ್ಪಿಯರ್‌ರ ‘ಗಾರ್ವೀಸ್ ಘೋಸ್ಟ್’ ಮತ್ತು ನಿರ್ಮಾಪಕ ಲೀ ಪೆರಿಯ ‘ಸೂಪರ್ ಏಪ್’, ಎರಡೂ 1976ರಲ್ಲಿ ಐಲೆಂಡ್ ಕಂಪನಿಯಿಂದ ಬಂದವು. ದೊಡ್ಡ ಕಂಪನಿಯಾದ್ದರಿಂದ ಪ್ರತಿಗಳೂ ಸಾಕಷ್ಟಿವೆ, ಪ್ರೆಸಿಂಗ್ (ಪ್ಲೇಟು ಒತ್ತಿದ ಕೆಲಸ) ಕೂಡ ಅಚ್ಚುಕಟ್ಟು. 1981–82ರಲ್ಲಿ ‘ಸೈಂಟಿಸ್ಟ್’ ಎಂಬ ಹೆಸರಿನ ಎಂಜಿನಿಯರ್ ಮಿಕ್ಸ್ ಮಾಡಿ ಗ್ರೀನ್‌ಸ್ಲೀವ್ಸ್ ಹೊರತಂದ ಎಲ್‌ಪಿಗಳೂ ಹಾಗೆಯೇ. ರಕ್ತಪಿಶಾಚಿಗಳ, ಫುಟ್‌ಬಾಲ್ ವಿಶ್ವಕಪ್ಪಿನ ಕಾರ್ಟೂನ್ ಕವರಿನವು. ಅವು ಹಳೆಯವು, ಆದರೆ ಅಪರೂಪವಲ್ಲ. ‘ಅಪರೂಪ’ ಎಂದು ಬರೆದು ಮೂರು ಪಟ್ಟು ಕೇಳುವವರನ್ನು ದಾಟಿ ಮುಂದೆ ಹೋಗಿ.

ನಿಜವಾಗಿ ಅಪರೂಪವೆಂದರೆ ಬೇರೆ. ಲೀ ಪೆರಿಯ 1973ರ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಮೊದಲ ಸಲ ಬಂದದ್ದು ಸುಮಾರು 300 ಪ್ರತಿ ಎನ್ನುತ್ತಾರೆ. ಯಾಬಿ ಯೂ ಅವರ 1976ರ ‘ಪ್ರಾಫೆಸಿ ಆಫ್ ಡಬ್’ಗೆ 500ರ ಲೆಕ್ಕ ಹೇಳುವುದುಂಟು. ಅಷ್ಟರಲ್ಲಿ ಎಷ್ಟೋ ಸೌಂಡ್ ಸಿಸ್ಟಮ್ಮುಗಳ (ದೊಡ್ಡ ಸ್ಪೀಕರ್ ಹೂಡಿ ನೃತ್ಯಕೂಟಗಳಿಗೆ ಪ್ಲೇಟು ನುಡಿಸುವ ತಂಡಗಳ) ಭಾರದ ಮುಳ್ಳಿನ ಕೆಳಗೆ ಸವೆದು ಹೋದವು. ಉಳಿದದ್ದರಲ್ಲಿ ಚೆನ್ನಾಗಿರುವುದು ಬೆರಳೆಣಿಕೆ. ಇಂಥದ್ದನ್ನು ಮೊದಲು ಮರುಮುದ್ರಣದಲ್ಲಿ ಕೇಳಿ. ಮ್ಯಾಂಚೆಸ್ಟರಿನ ಬ್ಲಡ್ ಅಂಡ್ ಫೈರ್, ಲಂಡನ್ನಿನ ಪ್ರೆಷರ್ ಸೌಂಡ್ಸ್ 1990ರ ದಶಕದಿಂದ ಮಾಡಿದ ಕೆಲಸ ಬಹಳ ಶ್ರದ್ಧೆಯದು. ಕೀತ್ ಹಡ್ಸನ್‌ರ 1974ರ ‘ಪಿಕ್ ಎ ಡಬ್’ ಎಷ್ಟೋ ಜನರ ಕಿವಿಗೆ ಬಿದ್ದದ್ದೇ ಬ್ಲಡ್ ಅಂಡ್ ಫೈರ್ ಮೂಲಕ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ವ್ಯಾಕೀಸ್ ಲೇಬಲ್ಲಿನ ಎಲ್‌ಪಿಗಳನ್ನು 2000ದ ದಶಕದಲ್ಲಿ ಬರ್ಲಿನ್ನಿನ ಬೇಸಿಕ್ ಚಾನೆಲ್ ತಂಡ ಮತ್ತೆ ತಂದಿತು. ಅವುಗಳಲ್ಲಿ ಕೆಲವು ಮೂಲಕ್ಕಿಂತ ಕಿವಿಗೆ ಹಿತ. ವಿಚಿತ್ರವೆಂದರೆ ಈಗ ಆ ಮರುಮುದ್ರಣಗಳೇ ದುಬಾರಿಯಾಗುತ್ತಿವೆ.

ಆಮೇಲೆ ಒಂದು ಎಳೆ ಹಿಡಿಯಿರಿ: ಒಬ್ಬ ಎಂಜಿನಿಯರ್, ಒಬ್ಬ ನಿರ್ಮಾಪಕ ಅಥವಾ ಒಂದು ಸ್ಟುಡಿಯೊ. ಹಾಗೆ ಮಾಡಿದವರ 40 ಪ್ಲೇಟಿಗೆ ಒಂದು ಅರ್ಥವಿರುತ್ತದೆ. ಕಂಡದ್ದೆಲ್ಲ ಕೊಂಡವರ 400ಕ್ಕೆ ಇರುವುದಿಲ್ಲ.

ಬೆಲೆಗೆ ಡಿಸ್ಕಾಗ್ಸ್ ಎಂಬ ಪ್ಲೇಟು ಮಾರಾಟದ ವೆಬ್‌ಸೈಟ್ ನೋಡುವುದಾದರೆ ಮಾರಲು ಇಟ್ಟವರು ಕೇಳುವ ದರ ನೋಡಬೇಡಿ, ಮಾರಾಟವಾದ ದರಗಳ ಪಟ್ಟಿ ನೋಡಿ. ಅದರಲ್ಲೂ ಸರಾಸರಿಗೆ ನಿಲ್ಲದೆ, ನಿಮ್ಮ ಮುಂದಿರುವ ಪ್ರತಿಯ ದರ್ಜೆಯಲ್ಲೇ ಹಿಂದೆ ಎಷ್ಟಕ್ಕೆ ಹೋಗಿದೆ ಎಂದು ಒಂದೊಂದಾಗಿ ಬಿಡಿಸಿ ನೋಡಿ.

ಪ್ರಶ್ನೆ: ‘ಮೂಲ ಜಮೈಕಾ ಪ್ರೆಸಿಂಗ್’ ಎಂದು ಒಬ್ಬರು ಮಾರುತ್ತಿದ್ದಾರೆ. ಲೇಬಲ್ ಖಾಲಿ, ಕವರ್ ಸಾದಾ ರಟ್ಟು. ನಂಬಬಹುದೇ? ಮೂಲವೋ ನಕಲೋ ತಿಳಿಯುವುದು ಹೇಗೆ? (ಬೆಂಗಳೂರು)

ಖಾಲಿ ಲೇಬಲ್, ಸಾದಾ ಕವರ್ ಎಂಬುದು ಈ ಕ್ಷೇತ್ರದಲ್ಲಿ ಅನುಮಾನಕ್ಕೆ ಕಾರಣವಲ್ಲ, ಪುರಾವೆಯೂ ಅಲ್ಲ. 1970ರ ದಶಕದ ಕಿಂಗ್‌ಸ್ಟನ್ನಿನಲ್ಲಿ ಸಣ್ಣ ಸಂಖ್ಯೆಯಲ್ಲಿ ಒತ್ತಿ, ಕವರನ್ನು ಸ್ಕ್ರೀನ್ ಪ್ರಿಂಟ್ ಮಾಡಿ ಅಥವಾ ರಟ್ಟಿಗೆ ರಬ್ಬರ್ ಮೊಹರು ಹೊಡೆದು ಮಾರುವುದು ಮಾಮೂಲು. ಕೈಯಲ್ಲಿದ್ದ ಬೇರೆ ಲೇಬಲ್ ಕಾಗದವನ್ನೇ ಅಂಟಿಸಿ ಕಳಿಸಿದ್ದೂ ಇದೆ. ಆದ್ದರಿಂದ ನೋಡಬೇಕಾದ ಜಾಗ ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ನುಣುಪು ಪಟ್ಟಿ. ಸಂಗ್ರಹಕಾರರು ಇದಕ್ಕೆ ಡೆಡ್ ವ್ಯಾಕ್ಸ್ ಎನ್ನುತ್ತಾರೆ. ಅಲ್ಲಿ ಕೊರೆದಿರುವ ಅಕ್ಷರ-ಅಂಕಿಗಳೇ ಮ್ಯಾಟ್ರಿಕ್ಸ್ ಸಂಖ್ಯೆ.

ಓದುವ ಕ್ರಮ ಹೀಗೆ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪ್ಲೇಟಿನ ಅಂಚಿನಿಂದ ಅಡ್ಡಲಾಗಿ ಹಾಯಿಸಿ. ಮೇಲಿನಿಂದ ನೇರ ಬೆಳಕು ಬಿಟ್ಟರೆ ಏನೂ ಕಾಣದು. ನಿಧಾನ ತಿರುಗಿಸುತ್ತ ಎರಡೂ ಬದಿಯದನ್ನು ಇದ್ದ ಹಾಗೇ ಬರೆದುಕೊಳ್ಳಿ: ಅಡ್ಡಗೆರೆ, ಚುಕ್ಕಿ, ಕಾಟು ಹೊಡೆದ ಅಂಕಿ, ಯಾವುದನ್ನೂ ಬಿಡಬೇಡಿ. ಒಂದು ಸಂಖ್ಯೆ ಹೊಡೆದು ಇನ್ನೊಂದು ಕೊರೆದಿದ್ದರೆ ಆ ಅಚ್ಚು ಮೊದಲು ಬೇರೊಂದು ಹೆಸರಿನಲ್ಲಿ ಹೊರಬರಲು ತಯಾರಾಗಿತ್ತು ಎಂದೇ ಬಹುಪಾಲು ಅರ್ಥ. ಕೈಬರಹದಲ್ಲಿ ಗೀಚಿದ್ದರೆ ಜಮೈಕಾದ ಹಳೆಯ ಕೆಲಸವಿರಬಹುದು. ಯಂತ್ರದಲ್ಲಿ ಒಂದೇ ಅಳತೆಗೆ ಒತ್ತಿದ ಉದ್ದನೆಯ ಅಂಕಿಸಾಲು ಕಂಡರೆ ಇತ್ತೀಚಿನ ಯುರೋಪಿನ ಕಾರ್ಖಾನೆ ನೆನಪಿಗೆ ಬರಬೇಕು. ಡಿಎಸ್ಆರ್ ಎಂಬ ಮೂರಕ್ಷರ ಕಂಡರೆ ಅದು ಕಿಂಗ್‌ಸ್ಟನ್ನಿನ ಸ್ಟುಡಿಯೊ ಮತ್ತು ಪ್ಲೇಟು ಕಾರ್ಖಾನೆ ಡೈನಾಮಿಕ್ ಸೌಂಡ್ಸ್ ಕಡೆಯದು.

ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಜಮೈಕಾದಲ್ಲಿ ಹಳೆಯ ಅಚ್ಚುಗಳನ್ನೇ ಹತ್ತು ಹದಿನೈದು ವರ್ಷ ಬಿಟ್ಟು ಮತ್ತೆ ಯಂತ್ರಕ್ಕೇರಿಸಿ ಒತ್ತುತ್ತಿದ್ದರು. ಅಂದರೆ ಮ್ಯಾಟ್ರಿಕ್ಸ್ ಮೂಲದ್ದು, ಪ್ಲೇಟು ಮಾತ್ರ 1980ರ ದಶಕದ್ದು. ಅದಕ್ಕೆ ಎರಡನೇ ಸುತ್ತಿನ ಪರೀಕ್ಷೆ ಬೇಕು. ಲೇಬಲ್ಲಿನ ವಿಳಾಸ ಮತ್ತು ಬಣ್ಣವನ್ನು ಖಚಿತ ಪ್ರತಿಯ ಫೋಟೋಗೆ ಹೋಲಿಸಿ. ಕವರಿನ ಮೇಲೆ ಬಾರ್‌ಕೋಡ್ ಇದ್ದು, ಎಲ್‌ಪಿ 1976ರದ್ದು ಎಂದರೆ ಮಾತು ಅಲ್ಲಿಗೇ ಮುಗಿಯಿತು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ಲೇಟು ಮಾತ್ರ ಇಟ್ಟು ತೂಗಿ. 180 ಗ್ರಾಂ ಬಂದರೆ 1990ರ ದಶಕದ ನಂತರದ ಮರುಮುದ್ರಣವೆಂದು ಶಂಕಿಸಿ.

ಕಳ್ಳ ಪ್ರತಿಗಳಲ್ಲಿ ಬಹಳಷ್ಟು ಟೇಪಿನಿಂದ ಬಂದವಲ್ಲ, ಇನ್ನೊಂದು ಪ್ಲೇಟು ನುಡಿಸಿ ತೆಗೆದವು. ಹಿಡಿಯುವ ಉಪಾಯ ಸುಲಭ. ಮುಳ್ಳು ಇಳಿಸಿದಾಗ ಹೊರ ಅಂಚಿನ ಖಾಲಿ ಗ್ರೂವ್ (ಮುಳ್ಳು ಓಡುವ ಗೆರೆ) ಸದ್ದಿಲ್ಲದೆ ಸಾಗಿ, ಹಾಡು ಶುರುವಾಗುತ್ತಿದ್ದಂತೆ ಚರಚರ ಹುಟ್ಟಿ, ಹಾಡಿನ ಜೊತೆಗೇ ನಿಂತರೆ ಆ ಚರಚರ ನಿಮ್ಮ ಪ್ಲೇಟಿನದಲ್ಲ. ಅದನ್ನು ಎಷ್ಟು ತೊಳೆದರೂ ಹೋಗದು.

‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಕೊಳ್ಳುವವರು ಹಾಡುಗಳನ್ನೂ ಎಣಿಸಬೇಕು. ಜಮೈಕಾದ ಮೊದಲ ಆವೃತ್ತಿಯಲ್ಲಿ 14 ಡಬ್‌ಗಳಿವೆ, ಆ ಸಂಖ್ಯೆ ಮೂಲ ಶೀರ್ಷಿಕೆಯಲ್ಲೇ ಇದೆ. ಮುಂದೆ ಹತ್ತಿರದ ಹೆಸರಿನಲ್ಲೇ ಬಂದ ಆವೃತ್ತಿಯಲ್ಲಿ ಹಾಡುಗಳು ಕಡಿಮೆ.

ಪ್ರಶ್ನೆ: ‘ವಿಜಿ ಪ್ಲಸ್’ (ವೆರಿ ಗುಡ್ ಪ್ಲಸ್, ಒಳ್ಳೆಯ ಸ್ಥಿತಿಯ ದರ್ಜೆ) ಎಂದು ಹೇಳಿ ಕಳಿಸಿದ ಜಮೈಕಾ ಎಲ್‌ಪಿಯಲ್ಲಿ ಗೀರೇ ಇಲ್ಲ. ಆದರೂ ಹಿನ್ನೆಲೆಯಲ್ಲಿ ಸುರ್ರೆನ್ನುತ್ತದೆ, ಶ್ರುತಿಯೂ ಅಲುಗುತ್ತದೆ. ಮೋಸವೇ? (ಧಾರವಾಡ)

ಮೋಸವೆಂದು ಹೇಳಲಾಗದು. ದರ್ಜೆ ಹೇಳುವುದು ಪ್ಲೇಟಿಗೆ ಆದ ಹಾನಿಯನ್ನು, ಕಾರ್ಖಾನೆಯ ಗುಣಮಟ್ಟವನ್ನಲ್ಲ. ಹಳೆಯ ಪ್ಲೇಟು ಕರಗಿಸಿದ ವಿನೈಲ್ ಬೆರೆಸಿ ಒತ್ತಿದ್ದರೆ, ಸವೆದ ಅಚ್ಚು ಬಳಸಿದ್ದರೆ, ಹೊಸ ಪ್ರತಿಯೂ ಸುರ್ರೆನ್ನುತ್ತದೆ.

ಶ್ರುತಿ ಅಲುಗುವುದಕ್ಕೆ ನಡುವಿನ ತೂತು ಕೇಂದ್ರ ತಪ್ಪಿರುವುದೇ ಸಾಮಾನ್ಯ ಕಾರಣ. ನುಡಿಯುವಾಗ ಟೋನ್ ಆರ್ಮ್ (ಮುಳ್ಳು ಹಿಡಿದ ತೋಳು) ಪಕ್ಕದಿಂದ ನೋಡಿ. ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ತೂಗಿದರೆ ಅದೇ. ಮೇಲೆ ಕೆಳಗೆ ಏರಿಳಿದರೆ ಪ್ಲೇಟು ಬಾಗಿದೆ, ಅದು ಬೇರೆ ಕಾಯಿಲೆ. ತೂತು ದೊಡ್ಡದು ಮಾಡಿ ಸರಿಪಡಿಸುವವರಿದ್ದಾರೆ. ಕೇಳಲು ಮಾತ್ರ ಇಟ್ಟುಕೊಂಡ ಅಗ್ಗದ ಪ್ರತಿಗಾದರೆ ಸರಿ, ಬೆಲೆಯ ಪ್ರತಿಗೆ ಕೈ ಹಚ್ಚಬೇಡಿ.

ಮುಂದಿನ ಸಲ ಹಣ ಕಳಿಸುವ ಮೊದಲು ಮೂರು ಕೇಳಿ: ನುಡಿಸಿ ನೋಡಿ ದರ್ಜೆ ಕೊಟ್ಟಿದ್ದೋ, ಕಣ್ಣಿಗೆ ಕಂಡಂತೆ ಕೊಟ್ಟಿದ್ದೋ? ಎರಡೂ ಬದಿಯ ಡೆಡ್ ವ್ಯಾಕ್ಸ್ ಫೋಟೋ ಕಳಿಸುತ್ತೀರಾ? ಅತ್ಯಂತ ನಿಶ್ಶಬ್ದ ಭಾಗದ 30 ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸುತ್ತೀರಾ? ಡಬ್‌ನಲ್ಲಿ ವಾದ್ಯಗಳು ಮಾಯವಾಗಿ ಪ್ರತಿಧ್ವನಿ ಮಾತ್ರ ತೇಲುವ ಜಾಗ ಬೇಕಾದಷ್ಟಿದೆ. ಗಲಾಟೆಯ ರಾಕ್ ಪ್ಲೇಟಿನಲ್ಲಿ ಮುಚ್ಚಿಹೋಗುವ ಸದ್ದು ಅಲ್ಲಿ ಬಯಲಾಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಳಿಯ ತನ್ನ ಹಳೆಯ ಟರ್ನ್‌ಟೇಬಲ್ ತಂದುಕೊಟ್ಟಿದ್ದಾನೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಆದರೆ ಡಬ್ ಎಲ್ಲ ವಿಪರೀತ ನಿಧಾನ. ಡಬ್ ಇರುವುದೇ ಹೀಗೋ? (ಶಿವಮೊಗ್ಗ)

ಇಲ್ಲ, ನಿಮ್ಮ ಯಂತ್ರವೇ ನಿಧಾನವಾಗಿ ತಿರುಗುತ್ತಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಆವರ್ತನ ಬದಲಿಸದು. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಹಳೆಯ ಬೆಲ್ಟ್ ಡ್ರೈವ್ ಯಂತ್ರಗಳ ಎಸಿ ಸಿಂಕ್ರೊನಸ್ ಮೋಟರು ಆವರ್ತನವನ್ನೇ ಅನುಸರಿಸಿ ತಿರುಗುತ್ತದೆ. 33⅓ ಸುತ್ತು ಬರಬೇಕಾದಲ್ಲಿ 27.8 ಮಾತ್ರ ಬರುತ್ತದೆ. ಸಂಗೀತ ಬಲ್ಲವರಿಗೆ ಹೇಳುವುದಾದರೆ ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಕೆಳಗಿಳಿಯುತ್ತದೆ. ಡಬ್ ಮೊದಲೇ ನಿಧಾನದ ಸಂಗೀತವಾದ್ದರಿಂದ ತಿಂಗಳುಗಟ್ಟಲೆ ಹಾಗೇ ಕೇಳಿ, ಇದೇ ಸರಿ ಎಂದುಕೊಂಡವರೂ ಇದ್ದಾರೆ.

ಪರೀಕ್ಷೆಗೆ 50 ಹರ್ಟ್ಸಿನ ಸ್ಟ್ರೋಬ್ ಚಕ್ರ ಮುದ್ರಿಸಿಕೊಳ್ಳಿ. 33⅓ಕ್ಕೆ ಅದರಲ್ಲಿ 180 ಗೆರೆಗಳಿರಬೇಕು. 216 ಇದ್ದರೆ ಅದು 60 ಹರ್ಟ್ಸಿನದು, ನಮಗೆ ಕೆಲಸಕ್ಕೆ ಬಾರದು. ಹಳೆಯ ಬುರುಡೆ ಬಲ್ಬು ಅಥವಾ ನಿಯಾನ್ ಇಂಡಿಕೇಟರ್ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಮಿನುಗದ ಎಲ್‌ಇಡಿ ಬೆಳಕಿನಲ್ಲಿ ಇದು ನಡೆಯದು.

ಪರಿಹಾರ: ಅದೇ ಮಾದರಿಯ 50 ಹರ್ಟ್ಸ್ ಪುಲ್ಲಿ, ಅಂದರೆ ಬೆಲ್ಟ್ ಕೂರುವ ಜಾಗದಲ್ಲಿ ವ್ಯಾಸ ಶೇ. 20ರಷ್ಟು ದೊಡ್ಡದು. ಸಿಗದಿದ್ದರೆ ಹಿತ್ತಾಳೆಯಲ್ಲಿ ಲೇತ್ ಹಿಡಿಸಬಹುದು, ಆದರೆ ಕೂದಲೆಳೆ ಕೇಂದ್ರ ತಪ್ಪಿದರೂ ಶ್ರುತಿ ನಡುಗುತ್ತದೆ. ಡಿಸಿ ಮೋಟರು ಅಥವಾ ಡೈರೆಕ್ಟ್ ಡ್ರೈವ್ ಆಗಿದ್ದರೆ ಈ ತೊಂದರೆ ಇಲ್ಲ, ಟ್ರಾನ್ಸ್‌ಫಾರ್ಮರ್ ಸಾಕು.

ಪ್ರಶ್ನೆ: ‘ಕಿಂಗ್ ಟಬ್ಬಿ’ ಹೆಸರಿನ ಎಲ್‌ಪಿಗಳು ನೂರಾರಿವೆ. ಎಲ್ಲವನ್ನೂ ಅವರೇ ಮಾಡಿದ್ದೇ? (ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡ್)

ಖಂಡಿತ ಅಲ್ಲ. ಆಸ್‌ಬೋರ್ನ್ ರಡಕ್, ಅಂದರೆ ಕಿಂಗ್ ಟಬ್ಬಿ, ಮೂಲತಃ ಎಲೆಕ್ಟ್ರಾನಿಕ್ಸ್ ರಿಪೇರಿಯವರು. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಪ್ರದೇಶದಲ್ಲಿ, ಡ್ರೊಮಿಲಿ ಅವೆನ್ಯೂದ ತಮ್ಮ ಮನೆಯಲ್ಲೇ ಸ್ಟುಡಿಯೊ ಮಾಡಿಕೊಂಡಿದ್ದರು. ಅದು ಪುಟ್ಟದು. ಒಬ್ಬ ಗಾಯಕ ನಿಲ್ಲುವಷ್ಟು ಜಾಗವಿತ್ತೇ ಹೊರತು ಇಡೀ ವಾದ್ಯಮೇಳಕ್ಕಲ್ಲ. ನಿರ್ಮಾಪಕರು ಚಾನೆಲ್ ಒನ್, ರ್‍ಯಾಂಡೀಸ್ ಮುಂತಾದ ಸ್ಟುಡಿಯೊಗಳಲ್ಲಿ ವಾದ್ಯ ಧ್ವನಿಮುದ್ರಿಸಿ, ಟೇಪ್ ಹಿಡಿದು ಇವರಲ್ಲಿಗೆ ಬರುತ್ತಿದ್ದರು. ಡೈನಾಮಿಕ್ ಸೌಂಡ್ಸ್‌ನಿಂದ ಬಂದ ಎಂಸಿಐ ಕಂಪನಿಯ ಮಿಕ್ಸಿಂಗ್ ಮೇಜಿನ ಮೇಲೆ ಮಿಕ್ಸ್ ನಡೆಯುತ್ತಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಆ ಮೇಜಿನ ಮುಂದೆ ಹೆಚ್ಚಾಗಿ ಕೂರುತ್ತಿದ್ದವರು ಪ್ರಿನ್ಸ್ ಜ್ಯಾಮಿ, ನಂತರ ಸೈಂಟಿಸ್ಟ್. ಸ್ಟುಡಿಯೊ ಹೆಸರು ಮಾತ್ರ ಯಜಮಾನರದು. 1989ರ ಫೆಬ್ರುವರಿಯಲ್ಲಿ ಟಬ್ಬಿ ತಮ್ಮ ಮನೆಯ ಹೊರಗೆ ಗುಂಡೇಟಿಗೆ ಬಲಿಯಾದರು. ಆಮೇಲೆ ಅವರ ಹೆಸರು ಹಾಕಿದ ಸಂಕಲನಗಳಿಗೆ ಲೆಕ್ಕವಿಲ್ಲ. ನಿರ್ಮಾಪಕ ಬನ್ನಿ ಲೀ ಬಳಿಯಿದ್ದ ಅದೇ ತಾಳಗಳು ಬೇರೆ ಬೇರೆ ಹೆಸರಿನ ಎಲ್‌ಪಿಗಳಲ್ಲಿ ತಿರುತಿರುಗಿ ಬರುತ್ತವೆ. ಹಾಡಿನ ಹೆಸರು ಹೊಸದಾದ ಮಾತ್ರಕ್ಕೆ ಡಬ್ ಹೊಸದಲ್ಲ. ಕೇಳಿಯೇ ಕೊಳ್ಳಿ.

ಕಿವಿಯಿಂದ ಗುರುತಿಸಲು ಕೆಲವು ಸುಳಿವು. ಟಬ್ಬಿಯ ಗುರುತು ಹೈಪಾಸ್ ಫಿಲ್ಟರ್: ಇಡೀ ತಾಳದ ಕೆಳಭಾಗ ಮೆಟ್ಟಿಲು ಮೆಟ್ಟಿಲಾಗಿ ತೆಳುವಾಗುತ್ತ ಹೋಗಿ, ಒಮ್ಮೆಲೇ ಬಾಸ್ ಮರಳಿ ಬೀಳುತ್ತದೆ. ನಡುನಡುವೆ ಗುಡುಗಿನಂಥ ಸದ್ದು ಬಂದರೆ ಅದು ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಗೆ (ಸ್ಪ್ರಿಂಗಿನಿಂದ ಅನುರಣನ ಹುಟ್ಟಿಸುವ ಸಾಧನಕ್ಕೆ) ಕೊಟ್ಟ ಏಟು. ಲೀ ಪೆರಿಯ ಬ್ಲ್ಯಾಕ್ ಆರ್ಕ್ ಸ್ಟುಡಿಯೊದಲ್ಲಿ ನಾಲ್ಕು ಟ್ರ್ಯಾಕಿನ ಟೇಪಿನ ಮೇಲೆ ಸದ್ದುಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ ಎಲ್ಲ ಮಂಜಿನೊಳಗಿಂದ ಬಂದ ಹಾಗಿರುತ್ತದೆ, ಸದ್ದನ್ನು ಸುಳಿಯಂತೆ ತಿರುಗಿಸುವ ಫೇಸರ್ ಸಾಧನ ಬೇರೆ. ಎಂಜಿನಿಯರ್ ಎರಲ್ ಥಾಂಪ್ಸನ್ ನಿರ್ಮಾಪಕ ಜೋ ಗಿಬ್ಸ್‌ಗಾಗಿ ಮಾಡಿದ ‘ಆಫ್ರಿಕನ್ ಡಬ್’ ಸರಣಿಯಲ್ಲಿ ಕರೆಗಂಟೆ, ಕಾರಿನ ಹಾರ್ನು, ಶೌಚಾಲಯದ ನೀರು, ಎಲ್ಲ ಉಂಟು. ಅದನ್ನು ತಮಾಷೆ ಎಂದು ಕಡೆಗಣಿಸುವವರಿದ್ದಾರೆ. ಆ ಬಾಸ್ ಹಿಡಿತದ ಮುಂದೆ ಆ ಆಕ್ಷೇಪ ನಿಲ್ಲುವುದಿಲ್ಲ.

ಒಂದೇ ಒಂದು ಟಬ್ಬಿ ಎಲ್‌ಪಿ ಸಾಕೆಂದರೆ ಅಗಸ್ಟಸ್ ಪ್ಯಾಬ್ಲೊ ನಿರ್ಮಿಸಿದ, 1976ರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಕೊಳ್ಳಿ. ಯಾವ ದೇಶದ ಒಳ್ಳೆಯ ಮರುಮುದ್ರಣವಾದರೂ ಸರಿ.

ಪ್ರಶ್ನೆ: ಲಂಡನ್ನಿನಲ್ಲಿ 10 ಇಂಚಿನ ‘ಡಬ್‌ಪ್ಲೇಟ್’ ಒಂದು ಸಿಕ್ಕಿದೆ. ಮೇಲೆಲ್ಲ ಬಿಳಿ ಪುಡಿ. ತೊಳೆಯಬಹುದೇ? (ಲಂಡನ್)

ತಡೆಯಿರಿ. ಅದು ವಿನೈಲ್ ಅಲ್ಲ. ಅಲ್ಯೂಮಿನಿಯಂ ತಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬಳಿದು, ಒಂದೊಂದೇ ಕೊರೆದ ಪ್ರತಿ. ಲ್ಯಾಕರ್ ಮೆದುವಾಗಿರಲೆಂದು ಬೆರೆಸುವುದು ನಮ್ಮ ಹರಳೆಣ್ಣೆಯನ್ನೇ. ವರ್ಷಗಳು ಕಳೆದಂತೆ ಅದು ಒಡೆದು, ಜಿಡ್ಡಿನ ಆಮ್ಲ ಮೇಲೆ ಬಿಳಿಯಾಗಿ ಮೂಡುತ್ತದೆ. ಆಲ್ಕೊಹಾಲ್ ತಾಗಿದರೆ ಲ್ಯಾಕರೇ ಕರಗುತ್ತದೆ, ಆದ್ದರಿಂದ ಮಾಮೂಲು ತೊಳೆಯುವ ದ್ರಾವಣ ಹತ್ತಿರ ತರಬೇಡಿ. ಪ್ರತಿ ಸಲ ನುಡಿಸಿದಾಗಲೂ ಮುಳ್ಳು ಸ್ವಲ್ಪ ಸವೆಸುತ್ತದೆ. ಹಳೆಯ ಧ್ವನಿಮುದ್ರಿಕೆಗಳ ಸಂರಕ್ಷಣೆ ಮಾಡುವವರಲ್ಲಿಗೆ ಒಯ್ದು ಒಮ್ಮೆ ಡಿಜಿಟಲ್ ಮಾಡಿಸಿ, ಆಮೇಲೆ ಎತ್ತಿಡಿ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಪ್ಲೇಟಿಗೂ ಕವರಿಗೂ ಬೂಷ್ಟು. ಏನು ಮಾಡಲಿ? (ಮಂಗಳೂರು)

ಮೊದಲು ಒಳಗಿನ ಕಾಗದದ ಕವರ್ ಬಿಸಾಡಿ. ಬೂಷ್ಟಿನ ಬೀಜ ಅಲ್ಲೇ ಇರುತ್ತದೆ, ತೊಳೆದ ಪ್ಲೇಟನ್ನು ಮತ್ತೆ ಅದರಲ್ಲೇ ಇಟ್ಟರೆ ಶ್ರಮ ವ್ಯರ್ಥ. ಹೊರ ಕವರನ್ನು ಬಿಸಿಲಿಗಲ್ಲ, ಗಾಳಿಯಾಡುವ ನೆರಳಿಗೆ ಹಾಕಿ. ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಒಣ ಬಟ್ಟೆಯಿಂದ ಒರೆಸಿ.

ಪ್ಲೇಟಿಗೆ ದ್ರಾವಣ: 750 ಮಿ.ಲೀ. ಡಿಸ್ಟಿಲ್ಡ್ ವಾಟರ್, 250 ಮಿ.ಲೀ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಫೋಟೋ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ಮೂರೋ ನಾಲ್ಕೋ ಹನಿ. ಬಾವಿ, ಬೋರ್‌ವೆಲ್ ನೀರು ಬೇಡ, ಆರಿದ ಮೇಲೆ ಗ್ರೂವಿನಲ್ಲಿ ಉಪ್ಪಿನಂಶ ಉಳಿಯುತ್ತದೆ. ಸ್ಯಾನಿಟೈಸರಿನಲ್ಲಿ ಗ್ಲಿಸರಿನ್, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಎಣ್ಣೆಯಂಶ ಇರುವುದುಂಟು, ಅವೂ ಬೇಡ. ಮೃದು ಬ್ರಷ್ಷನ್ನು ಗ್ರೂವ್ ಹೋಗುವ ದಿಕ್ಕಿನಲ್ಲೇ ಸುತ್ತಿಸಿ, ಎರಡು ನಿಮಿಷ ನೆನೆಯಲು ಬಿಟ್ಟು, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಮತ್ತೊಮ್ಮೆ ತೊಳೆದು, ಮೈಕ್ರೊಫೈಬರ್ ಬಟ್ಟೆಗೆ ನೀರು ಹೀರಿಸಿ ನಿಲ್ಲಿಸಿ. ಲೇಬಲ್ಲಿಗೆ ಹನಿ ತಾಗಬಾರದು. ರಬ್ಬರ್ ಮೊಹರಿನ ಶಾಯಿ ಇರುವ ಜಮೈಕಾ ಲೇಬಲ್ ಆಲ್ಕೊಹಾಲಿಗೆ ಕ್ಷಣದಲ್ಲಿ ಹರಡುತ್ತದೆ, ಅದರ ಜೊತೆ ಬೆಲೆಯ ಅರ್ಧವೂ ಹೋಗುತ್ತದೆ. ಅಜ್ಜನ ಕಾಲದ 78 ಸುತ್ತಿನ ಪ್ಲೇಟುಗಳಿದ್ದರೆ ಈ ದ್ರಾವಣ ಅವಕ್ಕೆ ಸಲ್ಲದು. ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ.

ಇಡುವುದು: ಒಳಗೆ ಪಾಲಿಥಿನ್ ಕವರ್, ಹೊರಗೆ ಪಾಲಿಪ್ರೊಪಿಲಿನ್. ದಪ್ಪ ಪಿವಿಸಿ ಹೊರಕವರ್ ನೋಡಲು ಚೆಂದ, ಆದರೆ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಪ್ಲೇಟಿನ ಮೇಲೆ ಮಬ್ಬು ಬಿಡುತ್ತದೆ. ಗೋಡೆಗೆ ತಾಗದಂತೆ ನಾಲ್ಕು ಬೆರಳು ಬಿಟ್ಟು, ನೆಟ್ಟಗೆ ನಿಲ್ಲಿಸಿ. ನೂರು ಎಲ್‌ಪಿ 25ರಿಂದ 30 ಕೆ.ಜಿ. ತೂಗುತ್ತವೆ, ತೆಳು ಪ್ಲೈವುಡ್ ಶೆಲ್ಫ್ ಬಾಗುತ್ತದೆ. ಆರ್ದ್ರತೆ ಶೇ. 40–50ರಲ್ಲಿ ಇದ್ದರೆ ಒಳ್ಳೆಯದು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೆರೆದ ಕಪಾಟಿನಲ್ಲಿ ಆಗದ ಮಾತು. ಬೆಲೆಯ ಪ್ರತಿಗಳನ್ನು ಮುಚ್ಚಳ ಬಿಗಿಯುವ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ಬದಲಾದಾಗ ಹುರಿದು ಮತ್ತೆ ಬಳಸಿ. ನುಸಿಗುಳಿಗೆ ಮಾತ್ರ ಪ್ಲೇಟಿನ ಪಕ್ಕ ಇಡಬೇಡಿ.

ಪ್ರಶ್ನೆ: ಹೊರದೇಶದಿಂದ ತರಿಸುವಾಗ ‘ಗಿಫ್ಟ್’ ಎಂದು ಬರೆಸಿದರೆ ಸುಂಕ ತಪ್ಪುತ್ತದಂತೆ? (ಹುಬ್ಬಳ್ಳಿ)

ಅದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ, ಮೌಲ್ಯವನ್ನೂ ಕಡಿಮೆ ಬರೆಸಿದ್ದರೆ, ಕಳೆದುಹೋದಾಗ ಅಷ್ಟಕ್ಕೇ ಪರಿಹಾರ. ಸುಂಕವನ್ನು ಸಾಗಣೆ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ, ಒಂದೊಂದೇ ತರಿಸದೆ ಒಬ್ಬ ಮಾರಾಟಗಾರರಿಂದ ನಾಲ್ಕೈದು ಒಟ್ಟಿಗೆ ತರಿಸಿ. ಪ್ಲೇಟನ್ನು ಕವರಿನಿಂದ ಹೊರತೆಗೆದು ಹಿಂದೆ ಇಟ್ಟು ಪ್ಯಾಕ್ ಮಾಡಲು ಹೇಳಿ, ಇಲ್ಲದಿದ್ದರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಹರಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬಂದ ಪಾರ್ಸೆಲ್ಲನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಅರ್ಧ ಗಂಟೆಯೂ ಬಿಡಬೇಡಿ.

ಪ್ರಶ್ನೆ: ಬಾಸ್ ಬಂದಾಗ ಮುಳ್ಳು ಹಾರುತ್ತದೆ, ವಾಲ್ಯೂಮ್ ಏರಿಸಿದರೆ ಗುಂಯ್ ಎನ್ನುತ್ತದೆ. ಹೊಸ ಪ್ಲೇಯರ್ ಬೇಕೇ? (ದಾವಣಗೆರೆ)

ಮೊದಲು ಮುಳ್ಳಿನ ಭಾರ ನೋಡಿ. ಡಿಜಿಟಲ್ ಗೇಜಿನಲ್ಲಿ ಅಳೆದು ಕಾರ್ಟ್ರಿಜ್ (ಮುಳ್ಳು ಕೂರುವ ತಲೆ) ಕಂಪನಿ ಹೇಳಿದಷ್ಟಕ್ಕೆ ತನ್ನಿ: ಆರ್ಟೊಫೊನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೊ-ಟೆಕ್ನಿಕಾದ ವಿಎಂ95ಇಗೆ 2 ಗ್ರಾಂ. ಕಡಿಮೆ ಭಾರ ಪ್ಲೇಟಿಗೆ ಒಳ್ಳೆಯದೆಂಬ ನಂಬಿಕೆ ತಪ್ಪು. ಮುಳ್ಳು ಹಾರಿ ಬೀಳುವುದರಿಂದಲೇ ಗ್ರೂವ್ ಹೆಚ್ಚು ಹಾಳಾಗುತ್ತದೆ. ಗುಂಯ್ ಎನ್ನುವುದಕ್ಕೆ ಪ್ಲೇಯರೂ ಸ್ಪೀಕರೂ ಒಂದೇ ಮರದ ಕಪಾಟಿನ ಮೇಲಿರುವುದು ಕಾರಣವಿರಬೇಕು. ಸ್ಪೀಕರಿನ ನಡುಕ ಮರದ ಮೂಲಕ ಮುಳ್ಳಿಗೆ ಏರಿ ಮತ್ತೆ ಸ್ಪೀಕರಿಗೇ ಹೋಗುತ್ತದೆ. ಪ್ಲೇಯರನ್ನು ಗೋಡೆಗೆ ಬಿಗಿದ ಕಡಪಾ ಕಲ್ಲಿನ ಹಲಗೆಗೆ ಎತ್ತಿ, ಸ್ಪೀಕರ್ ನೆಲದಲ್ಲೇ ಇರಲಿ. ಹೊಸ ಪ್ಲೇಯರಿನ ದುಡ್ಡು ಪ್ಲೇಟಿಗೆ ಉಳಿಯುತ್ತದೆ.